ಬಿಗಿ, ಜಿಡ್ಡು, ಉರಿ, ತುರಿಕೆ: ಕಾಲಕ್ಕೆ ತಕ್ಕ ಚರ್ಮದ ಆರೈಕೆ

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಮಂಗಳೂರಿನಲ್ಲಿ ನಾಲ್ಕು ವರ್ಷ, ಕಲಬುರಗಿಯಲ್ಲಿ ಮೂರು ವರ್ಷ ಕಳೆದು ಈಗ ಬೆಂಗಳೂರಿಗೆ ಬಂದು ಬಿದ್ದಿದ್ದೇನೆ. ಮುಖ ಅದೇ. ಆದರೆ ಮಂಗಳೂರಿನಲ್ಲಿ ಬೆಳಗ್ಗೆ ಹಚ್ಚಿದ ಕ್ರೀಮು ಬಸ್ಸು ಹತ್ತುವಷ್ಟರಲ್ಲಿ ಬೆವರಿನ ಜತೆ ಕುತ್ತಿಗೆಗೆ ಇಳಿದಿರುತ್ತಿತ್ತು. ಅದೇ ಕ್ರೀಮನ್ನು ಕಲಬುರಗಿಯ ಡಿಸೆಂಬರಿನಲ್ಲಿ ಹಚ್ಚಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಬಿಗಿದು ನಗುವುದೂ ಕಷ್ಟ. ಪ್ರತಿ ಊರಲ್ಲೂ ನನಗೆ ಅನಿಸಿದ್ದು ಒಂದೇ: ನನ್ನ ಮುಖ ಕೆಟ್ಟಿದೆ. ಪ್ರತಿ ಊರಲ್ಲೂ ಮಾಡಿದ್ದೂ ಒಂದೇ: ಅಂಗಡಿಗೆ ಹೋಗಿದ್ದು.

ಮುಖ ಕೆಟ್ಟಿರಲಿಲ್ಲ, ಹವೆ ಬದಲಾಗಿತ್ತು ಅಷ್ಟೆ. ಇದು ತಿಳಿಯಲು ಹದಿನೈದು ವರ್ಷ, ಒಂದು ಕೆಟ್ಟ ಕ್ರೀಮು ಮತ್ತು ಒಬ್ಬ ಒಳ್ಳೆಯ ಚರ್ಮವೈದ್ಯೆ ಬೇಕಾಯಿತು. ಅಷ್ಟು ಸುತ್ತು ಹೊಡೆದು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಬೆಳ್ಳಗಾಗುವ ಉಪಾಯ ಇದರಲ್ಲಿ ಇಲ್ಲ, ಅದನ್ನು ಹುಡುಕಿ ಬಂದವರು ಈಗಲೇ ಎದ್ದು ಹೋಗಬಹುದು.

ಮೊದಲ ಹೆಜ್ಜೆ: ಎಲ್ಲವನ್ನೂ ಮಂಚದ ಮೇಲೆ ಸುರಿಯಿರಿ

ಬಚ್ಚಲುಮನೆಯ ಶೆಲ್ಫು, ಕನ್ನಡಿಯ ಹಿಂದಿನ ಗೂಡು, ಕೈಚೀಲ, ಫ್ರಿಜ್ಜಿನ ಬಾಗಿಲು, ಎಲ್ಲ ಕಡೆಯಿಂದ ಡಬ್ಬಿ, ಟ್ಯೂಬು, ಸ್ಯಾಷೆಗಳನ್ನು ತಂದು ಹಾಕಿ ಮೂರು ಗುಡ್ಡೆ ಮಾಡಿ. ಅಗತ್ಯಕ್ಕೆ ತಂದದ್ದು ಒಂದು. ಆಸೆಗೆ ತಂದದ್ದು ಇನ್ನೊಂದು: ಲಿಪ್‌ಸ್ಟಿಕ್ಕು, ಅತ್ತರು, ಹಬ್ಬಕ್ಕೆ ಕೊಂಡ ಕಾಡಿಗೆ. ಮೂರನೆಯದು ಹೆದರಿಕೆಗೆ ತಂದದ್ದು. ಯಾರೋ ಏನೋ ಅಂದರು, ಫೋಟೋದಲ್ಲಿ ಹೇಗೋ ಕಂಡೆ, ಮದುವೆ ಹತ್ತಿರ ಬಂತು ಎಂಬ ಗಾಬರಿಯಲ್ಲಿ ಕೊಂಡದ್ದೆಲ್ಲ ಇದಕ್ಕೆ ಸೇರುತ್ತದೆ. ನನ್ನ ಮನೆಯಲ್ಲಿ ಮೂರನೆಯ ಗುಡ್ಡೆಯೇ ದೊಡ್ಡದಿತ್ತು, ಬೆಲೆಯೂ ಅದರದ್ದೇ ಹೆಚ್ಚು. ಆಸೆಯ ಗುಡ್ಡೆಯನ್ನು ನೋಡಿ ಯಾರೂ ನಾಚಿಕೊಳ್ಳಬೇಕಿಲ್ಲ. ಕಣ್ಣಿಗೆ ಕಾಡಿಗೆ ತೀಡಿಕೊಳ್ಳುವುದು ಸುಖ. ಸುಖಕ್ಕೆ ಕಾರಣ ಕೊಡಬೇಕೆ?

ಈಗ ಡಬ್ಬಿಗಳನ್ನು ತಿರುಗಿಸಿ ನೋಡಿ. ತಯಾರಿಸಿದ ದಿನಾಂಕ, ಮುಗಿಯುವ ದಿನಾಂಕ, ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿಕೊಂಡವರ ಹೆಸರೂ ನೋಂದಣಿ ಸಂಖ್ಯೆಯೂ ಬೇಕು. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರದ ಮೇಲೆ 6 ಎಂ ಅಥವಾ 12 ಎಂ ಎಂದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕು ಎಂದರ್ಥ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಡಬ್ಬಿಯ ತಳಕ್ಕೆ ಬರೆದಿಡುವುದು ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿದಷ್ಟೇ ಸುಲಭ. ನೀರೊಡೆದದ್ದು, ಬಣ್ಣ ತಿರುಗಿದ್ದು, ಕಮಟು ವಾಸನೆ ಬಂದದ್ದು ಕಸಕ್ಕೆ. ಚೀಟಿಯೇ ಇಲ್ಲದ ಕ್ರೀಮಿನ ವಿಷಯಕ್ಕೆ ಮುಂದೆ ಬರುತ್ತೇನೆ, ಅದನ್ನು ಪ್ರತ್ಯೇಕವಾಗಿಡಿ.

ಎರಡನೆಯ ಹೆಜ್ಜೆ: ನಾಲ್ಕು ಪದ ಕಲಿಯಿರಿ

ನಾವು ಚರ್ಮದ ಬಗ್ಗೆ ಆಡುವ ಮಾತೆಲ್ಲ ಕಣ್ಣಿನ ಮಾತು. ಕಪ್ಪು, ಬಿಳಿ, ಗೋಧಿಬಣ್ಣ, ಕಳೆ ಇದೆ, ಕಳೆ ಇಲ್ಲ. ಈ ಪದಗಳಿಂದ ಇವತ್ತು ಮುಖಕ್ಕೆ ಏನು ಬೇಕು ಎಂಬುದು ತಿಳಿಯುವುದೇ ಇಲ್ಲ. ಬದಲಿಗೆ ಸ್ಪರ್ಶದ ಮಾತು ನಾಲ್ಕಿವೆ: ಬಿಗಿ, ಜಿಡ್ಡು, ಉರಿ, ತುರಿಕೆ. ರಜೆಯ ದಿನ ಬೆಳಗ್ಗೆ ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ಕನ್ನಡಿ ನೋಡದೆ, ಕಣ್ಣು ಮುಚ್ಚಿ ಬೆರಳ ತುದಿಯಿಂದ ಹಣೆ, ಮೂಗು, ಕೆನ್ನೆ, ಗದ್ದ ಮುಟ್ಟಿಕೊಳ್ಳಿ. ಎಲ್ಲಿ ಬಿಗಿ, ಎಲ್ಲಿ ಜಿಡ್ಡು? ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಒಂದು ಪದ ಬರೆಯಿರಿ. ವಾರಕ್ಕೊಂದು ಸಾಕು.

ನಾಲ್ಕು ವಾರ ಹೀಗೆ ನಡೆಸಿ, ಹೊಸದೇನನ್ನೂ ಕೊಳ್ಳಬೇಡಿ. ನಾಲ್ಕೇ ವಾರ ಯಾಕೆಂದರೆ ಹರೆಯದಲ್ಲಿ ಮೇಲ್ಚರ್ಮ ತಳದಿಂದ ಹುಟ್ಟಿ ಉದುರಿ ಹೋಗಲು ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. "ಮೂರೇ ದಿನದಲ್ಲಿ" ಎಂದು ಬರೆದಿರುವ ಯಾವ ಡಬ್ಬಿಯೂ ಚರ್ಮಕ್ಕಿಂತ ವೇಗವಾಗಿ ಓಡಲಾರದು.

ಒಂದು ವರ್ಷ ಬರೆದಾದ ಮೇಲೆ ನನ್ನ ಕ್ಯಾಲೆಂಡರು ತೋರಿಸಿದ್ದು ಇದು: ಬೇಸಿಗೆಯಲ್ಲಿ ಜಿಡ್ಡು ಮತ್ತು ಉರಿ, ಮಳೆಗಾಲದಲ್ಲಿ ತುರಿಕೆ, ಚಳಿಯಲ್ಲಿ ಬಿಗಿ. ನಿಮ್ಮದು ಬೇರೆ ಇರಬಹುದು.

ಮೂರನೆಯ ಹೆಜ್ಜೆ: ವರ್ಷವಿಡೀ ಇರುವ ಮೂರು

ಮುಖ ತೊಳೆಯಲು ಒಂದು, ತೇವ ಹಿಡಿದಿಡಲು ಒಂದು, ಬಿಸಿಲಿಗೆ ಒಂದು. ಉಳಿದದ್ದೆಲ್ಲ ಇವುಗಳ ಮೇಲಿನ ಒಗ್ಗರಣೆ.

ಸೋಪಿನ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ನೂರು ವರ್ಷಗಳ ಹಿಂದೆಯೇ ಸರ್ಕಾರಿ ಸೋಪು ಕಾರ್ಖಾನೆ ಶುರುವಾದ ನಾಡು ನಮ್ಮದು, ಗಂಧದ ಸೋಪಿನ ಪರಿಮಳ ನಮ್ಮ ಬಾಲ್ಯದ ನೆನಪು. ನಾನೂ ಅದನ್ನು ಬಿಟ್ಟಿಲ್ಲ. ಆದರೆ ಚರ್ಮದ ಪಿಎಚ್ ಸುಮಾರು 5, ಅಂದರೆ ತುಸು ಹುಳಿ. ಗಟ್ಟಿ ಸೋಪಿನದ್ದು ಸಾಮಾನ್ಯವಾಗಿ 9ರಿಂದ 10, ಅಂದರೆ ಕ್ಷಾರ. ಹಾಗಾಗಿ ನನ್ನ ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಮುಖಕ್ಕೆ ನೊರೆ ಕಡಿಮೆ ಇರುವ, ತೊಳೆದ ಮೇಲೆ ಬಿಗಿಯದ ಕ್ಲೆನ್ಸರ್. ಅಜ್ಜಿಯ ಹೆಸರುಹಿಟ್ಟೂ ಆಗುತ್ತದೆ, ನುಣ್ಣಗೆ ಬೀಸಿ ಜರಡಿ ಹಿಡಿದಿರಬೇಕು, ಉಜ್ಜಬಾರದು.

ಹೊಸದು ಯಾವುದೇ ಇರಲಿ, ಮನೆಯ ಅರಿಸಿನ ಲೇಪವೂ ಸೇರಿ, ಮೊದಲು ಮೊಣಕೈ ಒಳಭಾಗದಲ್ಲಿ ಕಾಸಿನಗಲ ಹಚ್ಚಿ ಎರಡು ದಿನ ನೋಡಿ. "ನ್ಯಾಚುರಲ್" ಎಂದು ಬರೆದಿದ್ದರೆ ತುರಿಸುವುದಿಲ್ಲ ಎಂದೇನೂ ಇಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ನ್ಯಾಚುರಲ್ಲೇ, ಮುಟ್ಟಿ ನೋಡಿದವರಿಗೆ ಗೊತ್ತು.

ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ: ಜಿಡ್ಡು ಮತ್ತು ಉರಿ

ಶಿವರಾತ್ರಿಗೆ ಚಳಿ "ಶಿವ ಶಿವಾ" ಎಂದು ಹೊರಟಿತೆಂದರೆ ದಪ್ಪ ಕ್ರೀಮನ್ನು ಮುಚ್ಚಿಡುವ ಹೊತ್ತು ಬಂತು ಎಂದರ್ಥ. ಅದರ ಜಾಗಕ್ಕೆ ಗ್ಲಿಸರಿನ್ ಅಥವಾ ಹೈಲುರಾನಿಕ್ ಆ್ಯಸಿಡ್ ಇರುವ ತೆಳು ಜೆಲ್ ಬರಲಿ. ಜಿಡ್ಡಾಗಿದೆ ಎಂದು ದಿನಕ್ಕೆ ಐದು ಸಲ ಮುಖ ತೊಳೆಯುವವರಿದ್ದಾರೆ. ಎರಡು ಸಲ ಕ್ಲೆನ್ಸರ್, ನಡುವೆ ಬರೀ ತಣ್ಣೀರು, ಇಷ್ಟು ಸಾಕು. ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬರುವುದು ಕಾಯಿಸಿದ ನೀರು, ಅಲ್ಲಿ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಟ್ಟುಕೊಳ್ಳುವುದು ನನ್ನ ರೂಢಿಯಾಗಿತ್ತು.

ಬೆವರುಸಾಲೆಗೆ ಪೌಡರನ್ನು ಮೆತ್ತಿದಷ್ಟೂ ಅದು ಬೆವರಿನಲ್ಲಿ ಕಲಸಿ ಹಿಟ್ಟಾಗುತ್ತದೆ. ಸಡಿಲ ಹತ್ತಿ ಬಟ್ಟೆ, ತಣ್ಣೀರ ಸ್ನಾನ, ಉರಿ ಇದ್ದಲ್ಲಿ ಕ್ಯಾಲಮೈನ್ ಲೋಷನ್ ಸಾಕು. ನಿಂಬೆಹೋಳನ್ನು ಮುಖಕ್ಕೆ ತಿಕ್ಕಬೇಡಿ. ಆ ಹುಳಿ ಚರ್ಮಕ್ಕೆ ತೀರಾ ಹೆಚ್ಚು, ಮೇಲಾಗಿ ನಿಂಬೆರಸ ಮೆತ್ತಿದ ಜಾಗಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಬಂದು ತಿಂಗಳುಗಟ್ಟಲೆ ಕಪ್ಪು ಕಲೆ ನಿಲ್ಲುವುದುಂಟು.

ಇನ್ನು ಸನ್‌ಸ್ಕ್ರೀನ್. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಂಕಿ, 30 ಇದ್ದರೆ ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಇದ್ದರೆ ಶೇ 98. ವ್ಯತ್ಯಾಸ ಇಷ್ಟೇ, ಆದ್ದರಿಂದ ದೊಡ್ಡ ಅಂಕಿಗೆ ದುಡ್ಡು ಸುರಿಯುವ ಬದಲು ಸರಿಯಾದ ಅಳತೆಯಲ್ಲಿ ಹಚ್ಚಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದರೆ ಮುಖ, ಕುತ್ತಿಗೆಗೆ ಆಗುವಷ್ಟು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಡಬ್ಬಿಯ ಮೇಲೆ ಪಿಎ ಎಂದು ಬರೆದು ಪಕ್ಕದಲ್ಲಿ ಮೂರ್ನಾಲ್ಕು ಪ್ಲಸ್ ಇರಲಿ, ಅದು ಚರ್ಮದ ಆಳಕ್ಕೆ ಇಳಿಯುವ ಯುವಿಎ ಕಿರಣಗಳ ತಡೆ. ಸ್ಕೂಟರ್ ಓಡಿಸುವವರು ಮುಂಗೈಯನ್ನು ಮರೆಯುತ್ತಾರೆ. ಕೊಡೆ, ಟೊಪ್ಪಿಗೆ, ಉದ್ದ ತೋಳಿನ ಅಂಗಿ, ತಲೆ ಮೇಲೆ ಸೆರಗು, ಇವು ಎಲ್ಲಕ್ಕಿಂತ ಅಗ್ಗ, ಬೆವರಿಗೆ ಕರಗುವುದೂ ಇಲ್ಲ.

ಇದನ್ನೆಲ್ಲ ಕಪ್ಪಾಗದಿರಲಿ ಎಂದು ಮಾಡುವುದಾದರೆ ಮೂರನೆಯ ಗುಡ್ಡೆಗೆ ವಾಪಸು ಹೋದಂತೆ. ಬಿಸಿಲಿಗೆ ಚರ್ಮ ಏನು ಮಾಡುತ್ತದೆ ಗೊತ್ತೆ? ಮೈಬಣ್ಣ ಕೊಡುವ ಮೆಲನಿನ್ ಕಣಗಳು ಜೀವಕೋಶದೊಳಗೆ ಸರಿದು, ಅದರ ಕೇಂದ್ರದ ಮೇಲೆ ಬಿಸಿಲಿನ ಕಡೆಗೆ ಟೊಪ್ಪಿಗೆಯಂತೆ ಕವಿದು ನಿಲ್ಲುತ್ತವೆ. ಒಳಗಿರುವ ವಂಶವಾಹಿಗೆ ಕೊಡೆ ಹಿಡಿದಂತೆ. ನಾವು "ಟ್ಯಾನ್ ಆಯ್ತು" ಎಂದು ಗೋಳಾಡುವುದು ಈ ಕೊಡೆಯನ್ನು ನೋಡಿ. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲ ಮೈಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ. ಕಣಗಳ ಗಾತ್ರ, ಪ್ರಮಾಣ, ಹರಡುವ ರೀತಿ ಮಾತ್ರ ಬೇರೆ. ಕಂದು ಮೈಯವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಅಪಾಯ ಕಡಿಮೆ, ನಮಗೆ ಸನ್‌ಸ್ಕ್ರೀನ್ ಬೇಕಾಗುವುದು ಹೆಚ್ಚಾಗಿ ಬಂಗು, ಮೊಡವೆ ಕಲೆ, ಬಿಸಿಲ ಗುಳ್ಳೆಗಳು ಕೆರಳದಿರಲಿ ಎಂದು. ಬಂಗು ಇದ್ದವರಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬೂದಿ ಬಳಿದಂತೆ ಕಾಣುವ ತೊಂದರೆಯೂ ಟಿಂಟೆಡ್‌ನಲ್ಲಿ ಇರುವುದಿಲ್ಲ.

ಮುಂಗಾರಿನಿಂದ ದಸರೆಯವರೆಗೆ: ತುರಿಕೆ

ಮಳೆಗಾಲದಲ್ಲಿ ಸನ್‌ಸ್ಕ್ರೀನ್ ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳು ಇಲ್ಲವಾಗುವ ದಿನಗಳು ವರ್ಷಕ್ಕೆ ಎರಡು. ಒಂದು ಏಪ್ರಿಲ್ 24ರ ಸುಮಾರಿಗೆ, ಇನ್ನೊಂದು ಆಗಸ್ಟ್ 18ರ ಸುಮಾರಿಗೆ. ಆಗಸ್ಟಿನ ಸೂರ್ಯ ಏಪ್ರಿಲಿನವನೇ, ಮೋಡದ ಮರೆಗೆ ನಿಂತಿರುತ್ತಾನೆ. ತೆಳು ಮೋಡವನ್ನೂ ಕಿಟಕಿಯ ಗಾಜನ್ನೂ ಯುವಿಎ ದಾಟಿ ಬರುತ್ತದೆ. ಆಗುಂಬೆಯ ಜುಲೈನಲ್ಲಿ ದಿನವಿಡೀ ಒಳಗೆ ಕೂತು ಕಷಾಯ ಕುಡಿಯುವವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ.

ಈ ಕಾಲದ ನಿಜವಾದ ಕೆಲಸ ಒಣಗಿಸುವುದು. ನಮ್ಮೂರಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು, ಶಾಲೆಯಲ್ಲಿ ಎಲ್ಲರ ಅಂಗಿಗೂ ಹೊಗೆಯ ವಾಸನೆ. ಪೇಟೆಯಲ್ಲಿ ಒಲೆ ಇಲ್ಲ, ಅರೆಒದ್ದೆ ಒಳಉಡುಪು ಹಾಕಿಕೊಂಡು ಓಡುತ್ತೇವೆ. ತೊಡೆಸಂದಿಯಲ್ಲಿ ಹುಳುಕಡ್ಡಿ, ಬೆನ್ನು ಎದೆಯ ಮೇಲೆ ಚಿಬ್ಬು, ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಬರುವುದು ಹೀಗೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಳಉಡುಪನ್ನು ಒತ್ತಿ ಒಣಗಿಸಿ. ಬೆರಳ ಸಂದಿಯನ್ನು ಬೇರೆಯೇ ಒಂದು ಚಿಕ್ಕ ಬಟ್ಟೆಯಿಂದ ಒರೆಸಿ. ಹುಳುಕಡ್ಡಿಗೆ ಅಂಗಡಿಯವನು ಕೊಡುವ "ಎಲ್ಲದಕ್ಕೂ ಆಗುವ" ಟ್ಯೂಬಿನಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ವೈದ್ಯರು ಹೇಳಿದಷ್ಟು ವಾರ ಔಷಧಿ ಮುಂದುವರಿಸಿ, ತುರಿಕೆ ನಿಂತ ದಿನಕ್ಕೇ ನಿಲ್ಲಿಸಬೇಡಿ.

ಒದ್ದೆ ಕೂದಲನ್ನು ಗಂಟು ಕಟ್ಟಬೇಡಿ. ತಲೆಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟು ಹೆಚ್ಚುತ್ತದೆ, ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹೊಟ್ಟಿಲ್ಲದವರು ದಾಸವಾಳದ ಸೊಪ್ಪಿನ ಲೋಳೆಯಲ್ಲೋ ಸೀಗೆಪುಡಿಯಲ್ಲೋ ಆರಾಮವಾಗಿ ತಲೆ ತೊಳೆದುಕೊಳ್ಳಲಿ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಬಾಚಣಿಗೆ ನೋಡಿ ಅಳುವ ಮೊದಲು ಎಣಿಸಿ, ಎಣಿಸುವಷ್ಟರಲ್ಲಿ ಬೇಸರ ಬಂದು ಗಾಬರಿ ಹೋಗುತ್ತದೆ.

ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗೆ: ಬಿಗಿ

ನೀರು ತುಂಬುವ ಹಬ್ಬ, ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನ. ಚಳಿ ಕಾಲಿಡುವ ಹೊತ್ತಿಗೆ ಸರಿಯಾಗಿ ಹಿರಿಯರು ಎಣ್ಣೆ ಬಟ್ಟಲು ತೆಗೆಸಿದ್ದರು. ನಾನು ಆ ದಿನವನ್ನೇ ಚಳಿಗಾಲದ ಡಬ್ಬಿ ತೆರೆಯುವ ದಿನ ಮಾಡಿಕೊಂಡಿದ್ದೇನೆ. ಮೈಗೆ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಎರಡೂ ಹಿತ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ.

ಹಂಡೆಯ ಸುಡುನೀರು ಚಳಿಯಲ್ಲಿ ಸ್ವರ್ಗ, ಆದರೆ ಚರ್ಮಕ್ಕೆ ಒಳ್ಳೆಯದಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ, ಮೂರು ನಿಮಿಷದೊಳಗೆ ಕ್ರೀಮು ಅಥವಾ ಎಣ್ಣೆ ಸವರಿ. ಒಣಮೈಗೆ ಎಷ್ಟು ಎಣ್ಣೆ ಹಚ್ಚಿದರೂ ಒಳಗೆ ಇಲ್ಲದ ನೀರನ್ನು ಅದು ಹಿಡಿದಿಡುವುದು ಹೇಗೆ? ಕ್ರೀಮಿನ ಪಟ್ಟಿಯಲ್ಲಿ ಸೆರಮೈಡ್, ಗ್ಲಿಸರಿನ್ ಇರಲಿ. ಪರಿಮಳ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಒಡೆದ ಹಿಮ್ಮಡಿಗೆ, ತುಟಿಗೆ ನಮ್ಮ ಕಡೆ ಮುರುಗಲ ತುಪ್ಪ ಹಚ್ಚುತ್ತಾರೆ. ಮುರುಗಲ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ತುಪ್ಪ, ಬೆರಳ ಬಿಸಿಗೆ ಮೆಲ್ಲಗೆ ಕರಗುತ್ತದೆ. ಅದು ಸಿಗದ ಊರಲ್ಲಿ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಷ್ಟೇ ಕೆಲಸ ಮಾಡುತ್ತದೆ. ರಾತ್ರಿ ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಹಚ್ಚಿ, ಹತ್ತಿ ಕಾಲುಚೀಲ ಹಾಕಿ ಮಲಗಿ. ದುಬಾರಿ ಕ್ರೀಮು ಇದಕ್ಕಿಂತ ಹೆಚ್ಚೇನೂ ಮಾಡಿದ್ದನ್ನು ನಾನು ಕಂಡಿಲ್ಲ.

ಪ್ರತ್ಯೇಕವಾಗಿಟ್ಟ ಆ ಡಬ್ಬಿ

ಹೆರಿಗೆಯ ನಂತರ ನನ್ನ ಕೆನ್ನೆಗಳ ಮೇಲೆ ಬಂಗು ಎದ್ದಿತು. ಪರಿಚಯದವರೊಬ್ಬರು ಚೀಟಿಯಿಲ್ಲದ ಪುಟ್ಟ ಡಬ್ಬಿಯೊಂದನ್ನು ಕೊಟ್ಟರು. ಎರಡೇ ವಾರ, ಮುಖ ಹೊಳೆಯಿತು. ಕಚೇರಿಯಲ್ಲಿ ಎಲ್ಲರೂ ಕೇಳಿದರು, ನಾನು ಇನ್ನಿಬ್ಬರಿಗೆ ತರಿಸಿಕೊಟ್ಟೆ. ಆ ಪಾಪ ಈಗಲೂ ಚುಚ್ಚುತ್ತದೆ. ನಾಲ್ಕು ತಿಂಗಳಿಗೆ ಡಬ್ಬಿ ಮುಗಿದು ಒಂದು ವಾರ ಹಚ್ಚದಿದ್ದಾಗ ಮುಖ ಕೆಂಪಾಗಿ, ಒಲೆಯ ಮುಂದೆ ನಿಂತರೆ ಕೆಂಡ ಸುರಿದಂತೆ ಉರಿ. ಸಣ್ಣ ಗುಳ್ಳೆ, ಗದ್ದದಲ್ಲಿ ಕೂದಲು. ನನ್ನ ಕ್ಯಾಲೆಂಡರಿನಲ್ಲಿ ಆ ತಿಂಗಳ ಉದ್ದಕ್ಕೂ ಒಂದೇ ಪದ.

ಚರ್ಮವೈದ್ಯೆ ನೋಡಿದ ಕೂಡಲೇ ಅದರಲ್ಲಿ ಸ್ಟೆರಾಯ್ಡ್ ಇತ್ತು ಎಂದರು. ಇಂಥ ಮುಖಗಳು ಎಷ್ಟು ಬರುತ್ತವೆ ಎಂದರೆ ಅದಕ್ಕೆ ನಮ್ಮ ದೇಶದ ಚರ್ಮವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ನೆನಪಿಡಿ. ಇವು ಔಷಧಗಳು, ವೈದ್ಯರ ಚೀಟಿಯಲ್ಲಿ ಇಷ್ಟು ದಿನ ಎಂದು ಬರೆದು ಕೊಟ್ಟರೆ ಮಾತ್ರ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಬಿಗಿಮಾಡಿತು. ನೀವು ತಿಂಗಳುಗಟ್ಟಲೆ ಹಚ್ಚಿದ್ದರೆ ಒಬ್ಬರೇ ಥಟ್ಟನೆ ನಿಲ್ಲಿಸಿ ಒದ್ದಾಡಬೇಡಿ, ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ.

ಇಂಥ ಡಬ್ಬಿಗಳ ಇನ್ನೊಂದು ಅಪಾಯ ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಹಲವು ರೋಗಿಗಳನ್ನು ವೈದ್ಯರು ವಿಚಾರಿಸಿದಾಗ ಬಿಳಿಯಾಗಿಸುವ ಕ್ರೀಮುಗಳ ಬಳಕೆ ಹೊರಬಿತ್ತು. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದು ಬರೆದಿದ್ದರೂ, ಏನೂ ಬರೆಯದೇ ಇದ್ದರೂ, ದೂರ ಇಡಿ.

ಅಂಟಿಸುವ ಬಿಂದಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಣೆಯಲ್ಲಿ ಬಿಂದಿ ಇಡುವ ಜಾಗ ತುರಿಸಿದರೆ ಅಥವಾ ಬೆಳ್ಳಗಾಗತೊಡಗಿದರೆ ಅಂಟಿನಲ್ಲಿರುವ ರಾಸಾಯನಿಕ ಕಾರಣವಿರಬಹುದು. ಆ ದಿನವೇ ನಿಲ್ಲಿಸಿ, ತೋರಿಸಿ.

ಕನ್ನಡಿ, ಫೋನು ಮತ್ತು ನೆಂಟರು

ಇದಕ್ಕೆ ಯಾವ ಡಬ್ಬಿಯೂ ಇಲ್ಲ, ಆದರೆ ಮಾಡುವ ಕೆಲಸ ಇದೆ.

ರಾತ್ರಿ ಕ್ರೀಮು ಹಚ್ಚುವ ಎರಡು ನಿಮಿಷ ಫೋನು ಬೇರೆ ಕೋಣೆಯಲ್ಲಿರಲಿ. ಕನ್ನಡಿಗೆ ಬೆನ್ನು ಹಾಕಿ ಹಚ್ಚಿಕೊಳ್ಳಿ. ಕೈಗೆ ಸಿಗುವ ಮುಖ ಕಣ್ಣಿಗೆ ಸಿಗುವ ಮುಖಕ್ಕಿಂತ ಬೇರೆ. ನನ್ನ ಗದ್ದ ಅಮ್ಮನ ಗದ್ದದಂತೆಯೇ ಇದೆ ಎಂಬುದು ತಿಳಿದದ್ದು ನನಗೆ ಹೀಗೆ, ಅವರು ಹೋಗಿ ಮೂರು ವರ್ಷದ ಮೇಲೆ. ಸೆಲ್ಫಿಯನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ, ಅದು ಲೆನ್ಸಿನ ಹತ್ತಿರದ ದೋಷ.

ನೆಂಟರ ಮಾತಿಗೆ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ, ಆ ಹೊತ್ತಿಗೆ ಹೊಳೆಯುವುದಿಲ್ಲ. ಕಲಬುರಗಿಯಿಂದ ಒಂದು ಮದುವೆಗೆ ಹೋದಾಗ ಚಿಕ್ಕಮ್ಮ ಊಟದ ಪಂಕ್ತಿಯಲ್ಲೇ ಕೇಳಿದರು, "ಏನೇ ಇದು, ಇಷ್ಟು ಕಪ್ಪಾಗಿ ಹೋಗಿದೀಯ?" ನಾನು ಅಂದೆ, "ಬಿಸಿಲೂರು ಚಿಕ್ಕಮ್ಮ, ಹಪ್ಪಳದ ಜತೆ ನನ್ನನ್ನೂ ಒಣಗಿಸಿದಾರೆ. ನಿಮ್ಮ ಮಂಡಿನೋವು ಹೇಗಿದೆ?" ಮಂಡಿನೋವಿನ ಕಥೆ ಪಾಯಸ ಬರುವವರೆಗೂ ನಡೆಯಿತು. ಚಿಕ್ಕಮ್ಮ ಕೆಟ್ಟವರಲ್ಲ. ಅವರ ತಲೆಮಾರು ಬೆಳೆದದ್ದೇ 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿಯ ಜಾಹೀರಾತು ನೋಡುತ್ತ. ಆ ಕ್ರೀಮು ತನ್ನ ಹೆಸರಿನ "ಫೇರ್" ಬಿಡಲು 2020 ಬರಬೇಕಾಯಿತು. ಚಿಕ್ಕಮ್ಮನಿಗೂ ಸ್ವಲ್ಪ ಸಮಯ ಕೊಡೋಣ.

ಮಕ್ಕಳ ಎದುರು ನಿಮ್ಮ ಮೈಬಣ್ಣವನ್ನು ಹಳಿದುಕೊಳ್ಳಬೇಡಿ. ಮಗಳು "ಅಮ್ಮಾ, ನಾನು ಕಪ್ಪಾ?" ಎಂದು ಕೇಳಿದಾಗ "ಇಲ್ಲ, ನೀನು ಬೆಳ್ಳಗಿದೀಯ" ಎಂದು ಸುಳ್ಳು ಸಮಾಧಾನ ಹೇಳಿದರೆ ಕಪ್ಪು ಕೆಟ್ಟದ್ದು ಎಂದು ಒಪ್ಪಿದಂತಾಯಿತು. ನಾನು "ಹೌದು ಪುಟ್ಟಾ, ಅಜ್ಜಿಯ ಬಣ್ಣ" ಎಂದೆ. ಅವಳು "ಸರಿ" ಎಂದು ಸೈಕಲ್ ತುಳಿಯಲು ಹೋದಳು.

ಮದುವೆ ಮುಂಜಿಗೆ ಮೇಕಪ್ ಮಾಡಿಕೊಳ್ಳಿ, ಖುಷಿಯಾಗಿ ಮಾಡಿಕೊಳ್ಳಿ. ಫೌಂಡೇಷನ್ ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ಆರಿಸದೆ ಬಾಗಿಲ ಹೊರಗೆ ಬಂದು ಹಗಲು ಬೆಳಕಿನಲ್ಲಿ ಕುತ್ತಿಗೆಯ ಪಕ್ಕ ಹಚ್ಚಿ ನೋಡಿ, ಕಾಣದಂತೆ ಕರಗಿದ್ದೇ ನಿಮ್ಮದು. ರಾತ್ರಿ ಎಷ್ಟೇ ದಣಿದಿದ್ದರೂ ಅಳಿಸಿ ಮಲಗಿ.

ಈಗ ಶ್ರಾವಣ. ನನ್ನ ಶೆಲ್ಫಿನಲ್ಲಿ ಕ್ಲೆನ್ಸರ್, ಜೆಲ್, ಟಿಂಟೆಡ್ ಸನ್‌ಸ್ಕ್ರೀನ್, ಅರ್ಧ ಖಾಲಿಯಾದ ಕಾಡಿಗೆ, ಒಂದು ಕೆಂಪು ಲಿಪ್‌ಸ್ಟಿಕ್ಕು ಇವೆ. ಮುರುಗಲ ತುಪ್ಪದ ಗಟ್ಟಿ ಕಾಗದದಲ್ಲಿ ಸುತ್ತಿ ಮೇಲಿನ ಅರೆಯಲ್ಲಿದೆ, ದೀಪಾವಳಿಗೆ ಇಳಿಸಬೇಕು. ಕ್ಯಾಲೆಂಡರಿನಲ್ಲಿ ಈ ವಾರದ ಪದ ಜಿಡ್ಡು. ನಾಳೆಯಿಂದ ಜೆಲ್ಲನ್ನು ರಾತ್ರಿ ಮಾತ್ರ ಹಚ್ಚಿ ನೋಡುತ್ತೇನೆ.